ತಿದ್ದುವವನ ಬಿನ್ನಹ

ಅನ್ಯರ ಬರಹವನ್ನು ತಿದ್ದುವುದು ಅಧ್ಯಾಪಕನಾದವನಿಗೆ ಉಸಿರಾಟದಷ್ಟು ಸಹಜವಾಗಿಬಿಟ್ಟಿರುತ್ತದೆ. ಪರೀಕ್ಷೆಗಳು ಮುಗಿದೊಡನೆ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಬಂದು ಬೀಳುತ್ತದೆ; ಕೆಂಪು ಮಸಿಯ ಲೇಖನಿ ತಾನಾಗಿಯೇ ಕೈಗೆ ಬರುತ್ತದೆ; ‘ಉಚ್ಛಾರ’ದ ಮಹಾಪ್ರಾಣವನ್ನು ಕಳೆಯುತ್ತ, ಅದನ್ನು ‘ಪ್ರಾದ್ಯಾಪಕ’ನಿಗೆ ಕೊಡಿಸುತ್ತ ನಾವು ಮುಂದೆ ಸಾಗುತ್ತೇವೆ. ಏಕೆ ತಿದ್ದಿದಿರಿ ಎಂದು ನಮ್ಮನ್ನು ಕೇಳುವವರಿಲ್ಲ. ಕೇಳುವ ಧೈರ್ಯವುಳ್ಳ ವಿದ್ಯಾರ್ಥಿಗೆ ಆ ಉತ್ತರಪತ್ರಿಕೆ ಮರಳಿ ಸಿಕ್ಕುವುದಿಲ್ಲ. ಹೀಗೆ ಇಪ್ಪತ್ತು ವರ್ಷ ನಡೆದುಬಂದ ನಾನು, ಕಳೆದ ವರ್ಷ ಕೆಲವು ಪದಗಳನ್ನು ತಿದ್ದುವುದಕ್ಕಾಗಿ, ಮುಖವನ್ನೆಂದೂ ಕಾಣದ ಒಬ್ಬರಲ್ಲಿ ಬಿನ್ನವಿಸಿಕೊಂಡು, ಅವರ ಒಪ್ಪಿಗೆಗಾಗಿ ಎರಡು ವಾರ ಕಾಯಬೇಕಾಯಿತು. ಆ ಪ್ರಸಂಗವನ್ನು ವಾಚಕರ ಮುಂದಿಡಬೇಕೆಂದು ನನ್ನ ಇಚ್ಛೆ.

ನಡೆದದ್ದಿಷ್ಟು. ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುವಾಗ ಕಾಗುಣಿತದ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆಯುವ ಒಂದು ಸೌಕರ್ಯವಿದೆಯಷ್ಟೆ. ಆ ಗೆರೆಯ ಹಿಂದೆ ಪಾಂಡಿತ್ಯವೇನೂ ಇಲ್ಲ. ಇರುವುದು ಒಂದು ಪದಪಟ್ಟಿ ಮತ್ತು ಪ್ರತ್ಯಯಗಳನ್ನು ಹಚ್ಚುವ ಕೆಲವು ನಿಯಮಗಳು. ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಗೆರೆ. ಒಂದು ದಿನ ನಾನು ಬರೆದ ‘ಶುಭಾಶಯ’ಕ್ಕೆ ಗೆರೆ ಬಿತ್ತು, ಅದರ ಬದಲಿಗೆ ‘ಶುಭಾಷಯ’ ಎಂದು ಬರೆಯುವಂತೆ ಸಲಹೆಯೂ ಬಂದಿತು. ಕೋಪ ಬಂದು, ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿ, “ಅಲ್ಲಯ್ಯ, ಇದನ್ನು ಮಾಡಿದ ಪುಣ್ಯಾತ್ಮರು ಯಾರು?” ಎಂದು ಕೇಳಿದೆ. ಅವನು ನಕ್ಕು, “ಸಾರ್, ಅದು ಸರ್ಕಾರದ್ದಲ್ಲ, ಕಂಪನಿಯದೂ ಅಲ್ಲ. ಹತ್ತಾರು ಜನ ಸೇರಿ ಮಾಡಿದ್ದು. ತಪ್ಪಿದ್ದರೆ ನೀವೇ ತಿದ್ದಬಹುದು. ಒಂದು ಮರ್ಜ್ ರಿಕ್ವೆಸ್ಟ್ ಕಳಿಸಿ” ಎಂದ.

ಮರ್ಜ್ ಎಂದರೆ ಕೂಡಿಸುವುದು, ರಿಕ್ವೆಸ್ಟ್ ಎಂದರೆ ಕೋರಿಕೆ. ನನಗೆ ಆ ಕ್ಷಣ ಹೊಳೆದದ್ದು ನಮ್ಮ ಹಳೆಯ ‘ಬಿನ್ನಹ’. ವಿಜ್ಞಾಪನೆಯೆಂಬ ಸಂಸ್ಕೃತ ಪದ ಕನ್ನಡಿಗರ ಬಾಯಲ್ಲಿ ಸವೆದು ಮೃದುವಾದ ರೂಪವಿದು. ನಾನು ಮಾಡಿದ ಬದಲಾವಣೆಯನ್ನು ಮೂಲದೊಡನೆ ಕೂಡಿಸಿಕೊಳ್ಳಿರೆಂಬ ಬಿನ್ನಹ.

ಇದರ ಪೂರ್ವಕಥೆ ಸ್ವಾರಸ್ಯವಾದುದು. ಒಂದು ಬರಹದ ಎರಡು ಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿ ಭೇದಗಳನ್ನಷ್ಟೇ ಎತ್ತಿ ತೋರಿಸುವ ‘ಡಿಫ್’ ಎಂಬ ಸಾಧನ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿ, 1974ರಲ್ಲಿ ಯುನಿಕ್ಸ್ ವ್ಯವಸ್ಥೆಯೊಡನೆ ಹೊರಬಂದಿತು. ಆ ಭೇದಗಳ ಪಟ್ಟಿಯನ್ನು ಓದಿ ಹಳೆಯ ಪ್ರತಿಯನ್ನು ತಾನಾಗಿಯೇ ತಿದ್ದಿಕೊಡುವ ‘ಪ್ಯಾಚ್’ ಎಂಬುದನ್ನು 1985ರಲ್ಲಿ ಲ್ಯಾರಿ ವಾಲ್ ಎಂಬವರು ಬರೆದರು. ಪ್ಯಾಚ್ ಎಂದರೆ ತೇಪೆ, ಹೆಸರು ಅನ್ವರ್ಥವಾಗಿದೆ. ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಬೆಳೆದದ್ದು ಲೋಕದ ನಾನಾ ಮೂಲೆಗಳಿಂದ ಮಿಂಚಂಚೆಯಲ್ಲಿ ಬಂದ ಇಂಥ ತೇಪೆಗಳಿಂದ. ಅವುಗಳ ಲೆಕ್ಕವಿಡಲು ಬಳಸುತ್ತಿದ್ದ ಖಾಸಗಿ ಸಾಧನವೊಂದರ ಉಚಿತ ಪರವಾನಗಿ ತಪ್ಪಿಹೋದಾಗ, 2005ರ ಏಪ್ರಿಲಿನಲ್ಲಿ ಅವರೇ ಕುಳಿತು ಕೆಲವೇ ದಿನಗಳಲ್ಲಿ ‘ಗಿಟ್’ ಎಂಬುದನ್ನು ಕಟ್ಟಿದರು. ಗಿಟ್ಟಿನ ವೈಶಿಷ್ಟ್ಯವೆಂದರೆ, ಅದರಲ್ಲಿ ಪ್ರತಿ ತೆಗೆದುಕೊಂಡವನಿಗೆ ಇಂದಿನ ಪಠ್ಯ ಮಾತ್ರವಲ್ಲ, ಆ ಪಠ್ಯದ ಸಮಸ್ತ ಚರಿತ್ರೆಯೂ ದೊರೆಯುತ್ತದೆ: ಯಾರು, ಎಂದು, ಯಾವ ಸಾಲನ್ನು, ಯಾವ ಕಾರಣ ಹೇಳಿ ತಿದ್ದಿದರೆಂಬುದು. 2008ರಲ್ಲಿ ತೆರೆದ ಗಿಟ್‌ಹಬ್ ಎಂಬ ಜಾಲತಾಣ ಈ ಕೋರಿಕೆಯನ್ನು ‘ಪುಲ್ ರಿಕ್ವೆಸ್ಟ್’ ಎಂದು ಕರೆಯಿತು. ಉಕ್ರೇನಿನ ಡಿಮಿಟ್ರೊ ಝಪೊರೊಝೆಟ್ಸ್ 2011ರಲ್ಲಿ ಆರಂಭಿಸಿದ ಗಿಟ್‌ಲ್ಯಾಬ್ ಅದನ್ನೇ ‘ಮರ್ಜ್ ರಿಕ್ವೆಸ್ಟ್’ ಎಂದಿತು. ಒಂದು ‘ಎಳೆದುಕೊಳ್ಳಿ’ ಎನ್ನುತ್ತದೆ, ಇನ್ನೊಂದು ‘ಕೂಡಿಸಿಕೊಳ್ಳಿ’ ಎನ್ನುತ್ತದೆ, ಕ್ರಿಯೆಯೊಂದೇ. ನಮ್ಮ ಪದಪಟ್ಟಿ ಇದ್ದದ್ದು ಎರಡನೆಯ ಬಗೆಯ ನೆಲೆಯಲ್ಲಿ.

ಅಲ್ಲಿ ಪಟ್ಟಿಯನ್ನು ತೆರೆದು ತಿದ್ದಲು ಹೊರಟೆ. ಕೂಡಲೆ ಒಂದು ಸೂಚನೆ ಕಾಣಿಸಿಕೊಂಡಿತು: ನೇರವಾಗಿ ತಿದ್ದುವ ಅಧಿಕಾರ ತಮಗಿಲ್ಲ, ತಮ್ಮದೇ ಒಂದು ಪ್ರತಿಯನ್ನು ಮಾಡಿಕೊಂಡು, ಅದರಲ್ಲಿ ತಿದ್ದಿ, ಬಿನ್ನಹವನ್ನು ಸಲ್ಲಿಸಬಹುದು. ಈ ಪ್ರತಿಗೆ ‘ಫೋರ್ಕ್’ ಎಂದು ಹೆಸರು. ಪ್ರತಿಯೊಳಗೂ ಮೂಲದ ಕಾಂಡವನ್ನು ಮುಟ್ಟದೆ ಒಂದು ‘ಬ್ರಾಂಚ್’, ಎಂದರೆ ಕವಲು, ಒಡೆಸಿಕೊಳ್ಳುವುದು ವಾಡಿಕೆ. ಕವಲಿನ ಮೇಲೆ ಮಾಡಿದ ಒಂದೊಂದು ತಿದ್ದುಪಡಿಯನ್ನೂ ‘ಕಮಿಟ್’ ಎಂದು ಮುದ್ರೆಯೊತ್ತಿ ಇಡಬೇಕು. ಜೊತೆಗೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. ಆಮೇಲೆ ಬಿನ್ನಹಪತ್ರ: ಯಾವ ಕವಲು ಯಾವ ಕಾಂಡವನ್ನು ಸೇರಬೇಕು, ಶೀರ್ಷಿಕೆಯೇನು, ಏಕೆ ಈ ಬದಲಾವಣೆ ಬೇಕು. ಕೆಲಸ ಅರೆಯಾಗಿದ್ದರೆ ಶೀರ್ಷಿಕೆಗೆ ಮುನ್ನ ‘ಡ್ರಾಫ್ಟ್’ ಎಂದು ಬರೆದರೆ ಸಾಕು. ಅದನ್ನು ತೆಗೆಯುವವರೆಗೆ ಕೂಡಿಸುವ ಗುಂಡಿ ಕೆಲಸ ಮಾಡುವುದಿಲ್ಲ. ಸಲ್ಲಿಸಿದ ಬಿನ್ನಹಕ್ಕೆ ಸಂಖ್ಯೆ ಬೀಳುತ್ತದೆ, ಸಂಖ್ಯೆಯ ಹಿಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಬಿನ್ನಹಕ್ಕೆ ಆಶ್ಚರ್ಯವೇಕೋ ನಾನರಿಯೆ.

ಕನ್ನಡ ಎಂ.ಎ. ಓದಿದವರಿಗೆ ಇದೆಲ್ಲ ಅಪರಿಚಿತವಾಗಿ ತೋರಬೇಕಾದದ್ದಿಲ್ಲ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ (1964) ನಮಗೆ ಕಲಿಸಿದ ಪಾಠವೇ ಇದು. ಓಲೆಗರಿಯ ಕಾಲದ ಲಿಪಿಕಾರ ತನಗೆ ಅರ್ಥವಾಗದ ಪದವನ್ನು ಕಂಡಾಗ, ಅದು ತಪ್ಪೆಂದು ಬಗೆದು, ತನಗೆ ತಿಳಿದ ಪದವನ್ನು ಅಲ್ಲಿ ಸದ್ದಿಲ್ಲದೆ ಕೂರಿಸಿಬಿಡುತ್ತಿದ್ದ. ದುರುದ್ದೇಶದಿಂದಲ್ಲ, ಉಪಕಾರ ಮಾಡುವ ಬುದ್ಧಿಯಿಂದಲೇ. ಆದರೆ ಆ ಉಪಕಾರದ ಗುರುತು ಎಲ್ಲಿಯೂ ಉಳಿಯಲಿಲ್ಲ. ಕವಿಯ ಮಾತು ಯಾವುದು, ಲಿಪಿಕಾರನ ಮಾತು ಯಾವುದು ಎಂದು ಬಗೆಹರಿಸುವುದರಲ್ಲಿ ಮುಂದಿನ ವಿದ್ವಾಂಸರ ಆಯುಸ್ಸು ಸವೆಯಿತು. ಪುಣೆಯ ಭಂಡಾರಕರ್ ಸಂಸ್ಥೆಯವರು ಮಹಾಭಾರತದ ಸಂಶೋಧಿತ ಆವೃತ್ತಿಯನ್ನು 1919ರಲ್ಲಿ ಕೈಗೆತ್ತಿಕೊಂಡು, 1259 ಹಸ್ತಪ್ರತಿಗಳನ್ನು ಆಧಾರವಾಗಿಟ್ಟುಕೊಂಡು, ಮುಗಿಸಿದ್ದು 1966ರಲ್ಲಿ. ಅದರ ಯಾವ ಪುಟವನ್ನು ತೆರೆದರೂ ಮೇಲೆ ಕೆಲವು ಶ್ಲೋಕಗಳು, ಕೆಳಗೆ ಪಾಠಾಂತರಗಳ ಇರುವೆಸಾಲು. ಒಪ್ಪಿಕೊಂಡದ್ದರಷ್ಟೇ ಎಚ್ಚರದಿಂದ ಒಪ್ಪದೆ ಬಿಟ್ಟದ್ದನ್ನೂ ಅಲ್ಲಿ ಕಾಪಾಡಿದ್ದಾರೆ. ಗಿಟ್ಟನ್ನು ಕಟ್ಟಿದವರು ಇದನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಹಲವರು ಕೂಡಿ ಒಂದು ಪಠ್ಯವನ್ನು ಕಾಯಬೇಕಾದಾಗ ಮನುಷ್ಯರಿಗೆ ಹೊಳೆಯುವ ಉಪಾಯಗಳು ಹೆಚ್ಚೇನಿಲ್ಲವೆಂದು ತೋರುತ್ತದೆ.

ಇಷ್ಟೆಲ್ಲ ಬಲ್ಲ ನಾನು ಮಾಡಿದ್ದೇನು? ಮೊದಲ ಬಿನ್ನಹದಲ್ಲಿಯೇ ಅರುವತ್ತೊಂದು ತಿದ್ದುಪಡಿಗಳನ್ನು ಒಟ್ಟಿಗೆ ತುಂಬಿ, ಕಾರಣವೆಂಬಲ್ಲಿ ‘ಕಾಗುಣಿತದ ತಪ್ಪುಗಳನ್ನು ಸರಿಪಡಿಸಲಾಗಿದೆ’ ಎಂದು ಬರೆದು ಕಳಿಸಿದೆ. ಕೆಳಗೆ ಪದವಿಗಳನ್ನೂ ಸೇರಿಸಿದ್ದೆನೆಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ಪರಿಶೀಲಕರ ಉತ್ತರ ಬಂದಿತು. ಅವರಿಗೆ ಅಲ್ಲಿ ಒಂದು ಅಡ್ಡಹೆಸರಿತ್ತೇ ಹೊರತು ಊರು ವಯಸ್ಸುಗಳನ್ನು ತಿಳಿಯುವ ಉಪಾಯವಿರಲಿಲ್ಲ. ಒಕ್ಕಣೆ ವಿನಯಪೂರ್ಣವಾಗಿತ್ತು: ಇದರಲ್ಲಿ ಮೂರು ಬಗೆಯ ಬದಲಾವಣೆಗಳು ಬೆರೆತಿವೆ; ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ಬರುವಂತಿಲ್ಲ; ದಯವಿಟ್ಟು ಬೇರೆ ಬೇರೆ ಬಿನ್ನಹಗಳಾಗಿ ಒಡೆದು ಕಳಿಸುವಿರಾ? ಅದರ ಜೊತೆಗೆ, ‘ಹದಿನೆಂಟನೆಯ ಸಾಲಿನಲ್ಲಿ ಏನು ಬದಲಾಗಿದೆ?’ ಎಂಬ ಪ್ರಶ್ನೆಯೂ ಇತ್ತು.

ಆ ಸಾಲನ್ನು ತೆಗೆದು ನೋಡಿದೆ. ಡಿಫ್ ಪುಟದಲ್ಲಿ ಅಳಿದ ಸಾಲಿಗೆ ಕೆಂಪು ಹಿನ್ನೆಲೆ, ಬಂದ ಸಾಲಿಗೆ ಹಸುರು. ಕೆಂಪಿನಲ್ಲಿ ‘ಬಸ್’ ಎಂದಿತ್ತು. ಹಸುರಿನಲ್ಲಿಯೂ ‘ಬಸ್’ ಎಂದೇ ಇತ್ತು. ಕನ್ನಡಕವನ್ನು ಒರಸಿಕೊಂಡು ಮತ್ತೆ ನೋಡಿದೆ. ಯಂತ್ರಕ್ಕೆ ಭ್ರಮೆಯಾಗಿದೆಯೆಂದೇ ತೀರ್ಮಾನಿಸಿದ್ದೆ. ನನ್ನ ವಿದ್ಯಾರ್ಥಿ ಬಿಡಿಸಿ ಹೇಳಿದ ಮೇಲೆ ತಿಳಿಯಿತು: ಅರ್ಧಾಕ್ಷರವು ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ತಡೆಯಲು ಯುನಿಕೋಡಿನಲ್ಲಿ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಬೇಕಾದಲ್ಲಿ ಅದು ಬೇಕು. ‘ಬಸ್’ ಎಂದು ಪದ ಮುಗಿಯುವಲ್ಲಿ ಬೇಡ. ನಾನು ನನ್ನ ಹಳೆಯ ಕಡತದಿಂದ ಪದಗಳನ್ನು ತಂದು ಅಂಟಿಸಿದಾಗ ಈ ಅದೃಶ್ಯ ಸಂಕೇತವೂ ಬಾಲದಂತೆ ಬಂದಿತ್ತು. ಮನುಷ್ಯನ ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಎರಡು. ನನ್ನ ತಿದ್ದುಪಡಿ ಪಟ್ಟಿಗೆ ಸೇರಿದ್ದರೆ ನಾಡಿನಲ್ಲಿ ‘ಬಸ್’ ಎಂದು ಸರಿಯಾಗಿ ಬರೆದ ಪ್ರತಿಯೊಬ್ಬನಿಗೂ ಕೆಂಪು ಗೆರೆ ಬೀಳುತ್ತಿತ್ತು! ಹಸ್ತಪ್ರತಿಗಳ ಪಾಠಾಂತರಗಳನ್ನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಕಾಣದಿರುವ ಪಾಠಾಂತರವನ್ನು ಕಂಡದ್ದು ಅಂದೇ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಇದಲ್ಲ. ಅರುವತ್ತೊಂದರಲ್ಲಿ ಒಂಬತ್ತು ಪದಗಳನ್ನು ನಾನು ತಿದ್ದಿರಲಿಲ್ಲ, ಪೂರ್ತಿಯಾಗಿ ತೆಗೆದುಹಾಕಿದ್ದೆ. ‘ಐತೆ’, ‘ಐತಿ’, ‘ಮಾಡ್ಯಾನ’ ಮೊದಲಾದ ರೂಪಗಳವು. ಕಾರಣ ಕೇಳಿದಾಗ ‘ಗ್ರಾಮ್ಯ’ ಎಂಬ ಒಂದೇ ಪದವನ್ನು ಬರೆದೆ. ಸಂಜೆಯೊಳಗೆ ಮರುಪ್ರಶ್ನೆ ಬಂದಿತು: ‘ಗ್ರಾಮ್ಯವೆಂದರೆ ತಪ್ಪು ಎಂದು ಅರ್ಥವೇ? ಹಾಗಾದರೆ “ಕುಸುಮಬಾಲೆ”ಯ ಪ್ರತಿಯೊಂದು ಪುಟಕ್ಕೂ ಕೆಂಪು ಗೆರೆ ಎಳೆಯಬೇಕಾಗುತ್ತದೆ. ಅದು ತಮಗೆ ಸಮ್ಮತವೇ?’

ದೇವನೂರ ಮಹಾದೇವರ ಆ ಕಾದಂಬರಿ ಪ್ರಕಟವಾದದ್ದು 1984ರಲ್ಲಿ. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಬಂದದ್ದು 1990ರಲ್ಲಿ. ಅದನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಶಿಷ್ಟಭಾಷೆಯ ಪ್ರಾಬಲ್ಯವನ್ನು ಆ ಕೃತಿ ಹೇಗೆ ಪ್ರಶ್ನಿಸುತ್ತದೆಂಬುದನ್ನು ಕುರಿತು ಒಂದು ಪ್ರಬಂಧವನ್ನೂ ಓದಿದ್ದೇನೆ. ಸಭೆಯಲ್ಲಿ ಚಪ್ಪಾಳೆಯಾಯಿತು. ಅದೇ ನಾನು, ಯಾರೂ ನೋಡುತ್ತಿಲ್ಲವೆಂಬ ಭಾವನೆಯಲ್ಲಿ, ಆ ಭಾಷೆಯನ್ನಾಡುವವರು ನಾಳೆ ಬರೆಯಲಿರುವ ಕಥೆ ಕಾಗದಗಳಿಗೆಲ್ಲ ತಪ್ಪೆಂಬ ಮುದ್ರೆ ಬೀಳುವಂತೆ ಒಂಬತ್ತು ಸಾಲುಗಳನ್ನು ಅಳಿಸಿಬಿಟ್ಟಿದ್ದೆ. ಉತ್ತರಪತ್ರಿಕೆಯಲ್ಲಿ ಇಂಥವನ್ನು ಎಷ್ಟು ಸಾವಿರ ಬಾರಿ ಹೊಡೆದುಹಾಕಿದ್ದೇನೋ ಲೆಕ್ಕವಿಟ್ಟವರಿಲ್ಲ. ಇಲ್ಲಿ ಮಾತ್ರ ಒಂಬತ್ತೂ ಸಾಲುಗಳು ಕೆಂಪು ಹಿನ್ನೆಲೆಯ ಮೇಲೆ, ನನ್ನ ಹೆಸರಿನ ಕೆಳಗೆ, ಲೋಕವೆಲ್ಲ ನೋಡುವಂತೆ ನಿಂತಿದ್ದವು.

ಮೊದಲು ಒಂದು ಖಾರವಾದ ಉತ್ತರವನ್ನು ಬರೆದೆ, ಕಳಿಸಲಿಲ್ಲ. ಮರುದಿನ ಆ ಒಂಬತ್ತನ್ನು ಹಿಂತೆಗೆದುಕೊಂಡೆ. ಉಳಿದವುಗಳನ್ನು ಒಡೆದು, ‘ವಿಶಿಷ್ಠ’, ‘ಜೇಷ್ಠ’, ‘ಶುಭಾಷಯ’ಗಳಂಥ ನಿರ್ವಿವಾದವಾದ ತಪ್ಪುಗಳನ್ನು ಒಂದು ಬಿನ್ನಹವಾಗಿ, ಒಂದೊಂದಕ್ಕೂ ಕಾರಣ ಬರೆದು ಕಳಿಸಿದೆ. ಅಷ್ಟರಲ್ಲಿ ಬೇರೊಬ್ಬರು ಅದೇ ಸಾಲುಗಳಲ್ಲಿ ಒಂದನ್ನು ಬೇರೆ ಬಗೆಯಲ್ಲಿ ತಿದ್ದಿ ಕೂಡಿಸಿಬಿಟ್ಟಿದ್ದರು. ಇಂಥ ಸಂದರ್ಭವನ್ನು ‘ಕಾನ್‌ಫ್ಲಿಕ್ಟ್’ ಎನ್ನುತ್ತಾರೆ. ಯಂತ್ರ ಆಗ ತೀರ್ಪು ಕೊಡಲು ಹೋಗುವುದಿಲ್ಲ. ಎರಡು ಪಾಠಗಳನ್ನೂ ಒಂದರ ಕೆಳಗೊಂದು ಇಟ್ಟು, ನಡುವೆ ಏಳು ಸಮಚಿಹ್ನೆಗಳ ಗೆರೆಯೆಳೆದು, ಆರಿಸುವ ಹೊಣೆಯನ್ನು ಮನುಷ್ಯನಿಗೆ ಬಿಟ್ಟು ಕೈಕಟ್ಟಿ ನಿಲ್ಲುತ್ತದೆ. ಇದು ಅದರ ಸಜ್ಜನಿಕೆಯೆಂದೇ ನನ್ನ ಅಭಿಪ್ರಾಯ. ಅವರ ಪಾಠವೇ ಮೇಲಾಗಿತ್ತು, ಅದನ್ನೇ ಉಳಿಸಿದೆ. ಹದಿನಾಲ್ಕನೆಯ ದಿನ ಬಿನ್ನಹದ ಮೇಲೆ ‘ಮರ್ಜ್ಡ್’ ಎಂಬ ಮುದ್ರೆ ಬಿದ್ದಿತು.

ಇಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಪರಿಶೀಲಿಸುವವರು ಬಹುಮಟ್ಟಿಗೆ ಬಿಡುವಿನ ವೇಳೆಯಲ್ಲಿ ದುಡಿಯುವವರು. ಕೆಲವು ಯೋಜನೆಗಳಲ್ಲಿ ಬಿನ್ನಹಗಳು ಕಚೇರಿಯ ಕಡತಗಳಂತೆ ವರ್ಷಗಟ್ಟಲೆ ಧೂಳು ತಿನ್ನುತ್ತವೆ. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ, ಕನ್ನಡದ ಪದಪಟ್ಟಿಯನ್ನು ತಿದ್ದಬಲ್ಲ ಎಷ್ಟೋ ಹಳ್ಳಿಯ ಮೇಷ್ಟರು ಬಾಗಿಲಲ್ಲಿಯೇ ನಿಂತುಬಿಡುತ್ತಾರೆ. ಈ ದೂರನ್ನು ನಾನು ಅಲ್ಲಿಯೇ ಬರೆದಿದ್ದೇನೆ. ಅದಕ್ಕೂ ಒಂದು ಸಂಖ್ಯೆ ಬಿದ್ದಿದೆ.

ಈಗ ನನ್ನ ಮೂರನೆಯ ಬಿನ್ನಹ ನಡೆದಿದೆ. ಈ ಬಾರಿ ಏನನ್ನೂ ಅಳಿಸಿಲ್ಲ, ಸೇರಿಸಿದ್ದೇನೆ: ನಮ್ಮ ತಾಯಿ ಆಡುತ್ತಿದ್ದ ‘ಹೊತ್ತಾರೆ’, ‘ಹೊತ್ಮುಂಚೆ’ ಎಂಬ ಎರಡು ಮಾತುಗಳನ್ನು. ಮೊದಲನೆಯದಕ್ಕೆ ಒಪ್ಪಿಗೆಯಾಗಿದೆ. ಎರಡನೆಯದು ಅಚ್ಚಿನಲ್ಲಿ ಎಲ್ಲಿಯಾದರೂ ಇದೆಯೇ ಎಂದು ಪರಿಶೀಲಕರು ಆಧಾರ ಕೇಳಿದ್ದಾರೆ. ಪರಿಷತ್ತಿನ ನಿಘಂಟಿನ ಎಂಟನೆಯ ಸಂಪುಟ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದೆ. ಸೋಮವಾರ ಬೀಗ ತೆಗೆಸಿ ನೋಡಬೇಕು. ಅದರಲ್ಲಿ ಸಿಕ್ಕದಿದ್ದರೆ ತಾಯಿಯ ಮಾತು ಆಧಾರವಾದೀತೇ ಎಂದು ಕೇಳಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.