ಹಲ್ ಹೌಸ್: ಬಡವನಿಗೂ ನೆರವಿಗೂ ನಡುವಣ ಬಾಗಿಲು

ಬಡತನದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಸನಗಳ ಇತಿಹಾಸವನ್ನೇ ಬರೆದು ಮುಗಿಸುವುದುಂಟು. ಇಂಗ್ಲೆಂಡಿನಲ್ಲಿ ೧೬೦೧ರಲ್ಲಿ ಬಂದ ದರಿದ್ರಪಾಲನ ಶಾಸನ, ೧೮೩೪ರಲ್ಲಿ ಅದಕ್ಕಾದ ತಿದ್ದುಪಡಿ ಎಂಬ ಕ್ರಮದಲ್ಲಿ ನಮ್ಮ ಪಠ್ಯಗ್ರಂಥಗಳು ಸಾಗುತ್ತವೆ. ಆದರೆ ಶಾಸನವು ವಿಧಿಸಿದ ನೆರವು ಅದಕ್ಕೆ ಪಾತ್ರನಾದವನ ಕೈ ಸೇರಿತೇ, ಸೇರಿದ್ದರೆ ಯಾರ ಮೂಲಕ ಸೇರಿತು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಆಸ್ಪತ್ರೆಯಿದ್ದೂ ರೋಗಿಗೆ ಅದರ ದಾರಿ ತಿಳಿಯದಿರಬಹುದು. ಪರಿಹಾರಧನವಿದ್ದೂ ಅದನ್ನು ಕೇಳುವ ಭಾಷೆ ಬಾರದಿರಬಹುದು. ತಾಲ್ಲೂಕು ಕಚೇರಿಯ ಮುಂದೆ, ಅರ್ಜಿ ಬರೆದುಕೊಡುವವನ ಪಕ್ಕದಲ್ಲಿ, ಕಾದು ಕುಳಿತ ವಿಧವೆಯನ್ನು ಕಂಡವರಿಗೆ ಈ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಅಂತರವನ್ನು ತುಂಬುವುದನ್ನೇ ತಮ್ಮ ಕೆಲಸವನ್ನಾಗಿ ಮಾಡಿಕೊಂಡ ಸಂಸ್ಥೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದುವು. ಅವುಗಳಲ್ಲಿ ಅಮೆರಿಕದ ಷಿಕಾಗೋ ನಗರದ ಹಲ್ ಹೌಸ್ ಅತ್ಯಂತ ಪ್ರಸಿದ್ಧವಾದುದು. ಅದರ ಉಗಮ, ಕಾರ್ಯವಿಧಾನ ಮತ್ತು ಮಿತಿಗಳನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಲ್ ಹೌಸಿನ ಮೂಲಕಲ್ಪನೆ ಲಂಡನ್ನಿನದು. ವೈಟ್‌ಚಾಪೆಲ್ ಎಂಬ ಬಡಬಡಾವಣೆಯಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟ ೧೮೮೪ರಲ್ಲಿ ಟಾಯ್ನ್‌ಬಿ ಹಾಲ್ ಎಂಬ ನಿವಾಸವನ್ನು ಸ್ಥಾಪಿಸಿದರು. ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳ ಪದವೀಧರರು ಅಲ್ಲಿ ಬಡವರ ನೆರೆಯವರಾಗಿ ವಾಸಿಸಬೇಕೆಂಬುದು ಅದರ ಆಶಯ. ಹಿಂದಿನ ವರ್ಷವಷ್ಟೇ ಅಕಾಲಮರಣಕ್ಕೀಡಾಗಿದ್ದ ಆರ್ಥಿಕ ಇತಿಹಾಸಕಾರ ಆರ್ನಲ್ಡ್ ಟಾಯ್ನ್‌ಬಿಯವರ ಸ್ಮರಣಾರ್ಥವಾಗಿ ಆ ಹೆಸರನ್ನಿಡಲಾಯಿತು. ೧೮೮೮ರಲ್ಲಿ ಇದನ್ನು ಸಂದರ್ಶಿಸಿದ ಜೇನ್ ಆಡಮ್ಸ್ ಎಂಬ ಅಮೆರಿಕದ ತರುಣಿ ಊರಿಗೆ ಮರಳಿದ ಮೇಲೆ, ಗೆಳತಿ ಎಲನ್ ಗೇಟ್ಸ್ ಸ್ಟಾರ್ ಅವರೊಡಗೂಡಿ, ೧೮೮೯ರ ಸೆಪ್ಟೆಂಬರಿನಲ್ಲಿ ಷಿಕಾಗೋವಿನ ಹಾಲ್ಸ್ಟೆಡ್ ಬೀದಿಯ ಹಳೆಯ ಬಂಗಲೆಯೊಂದರಲ್ಲಿ ನೆಲಸಿದರು. ೧೮೫೬ರಲ್ಲಿ ಚಾರ್ಲ್ಸ್ ಹಲ್ ಎಂಬ ಶ್ರೀಮಂತರು ಕಟ್ಟಿಸಿದ ಮನೆ ಅದು. ಅದರ ಉತ್ತರಾಧಿಕಾರಿಣಿ ಹೆಲನ್ ಕಲ್ವರ್ ಮುಂದೆ ಬಾಡಿಗೆಯನ್ನೂ ಬಿಟ್ಟುಕೊಟ್ಟರು.

ಸುತ್ತಲಿನ ಬೀದಿಗಳಲ್ಲಿ ಇಟಲಿ, ಗ್ರೀಸ್, ಜರ್ಮನಿ, ಬೊಹೀಮಿಯ, ಐರ್ಲೆಂಡ್‌ಗಳಿಂದ ಬಂದವರೂ ರಷ್ಯದಿಂದ ಓಡಿಬಂದ ಯಹೂದಿಗಳೂ ಕಿಕ್ಕಿರಿದಿದ್ದರು. ಅವರಲ್ಲನೇಕರಿಗೆ ಇಂಗ್ಲಿಷು ಬಾರದು. ಹೊಲಿಗೆಯ ಗುತ್ತಿಗೆದಾರರ ಕೆಳಗೆ ಮನೆಮಂದಿಯೆಲ್ಲ ದುಡಿದರೂ ಹೊಟ್ಟೆ ತುಂಬುತ್ತಿರಲಿಲ್ಲ. ಆಡಮ್ಸ್ ಮೊದಲು ತಂದುದು ಕಲೆ, ಸಾಹಿತ್ಯ, ಉಪನ್ಯಾಸಗಳನ್ನು. ನೆರೆಯವರು ತಂದುದಾದರೋ ಬೇರೆಯೇ ಬಗೆಯ ಕಷ್ಟಗಳನ್ನು. ಗಂಡ ಬಿಟ್ಟುಹೋದವಳಿಗೆ ಜೀವನಾಂಶ ಬೇಕು. ವಿಧವೆಗೆ ವಿಮೆಯ ಹಣ ಹೇಗೆ ಪಡೆಯಬೇಕೆಂಬುದು ತಿಳಿಯದು. ಯಂತ್ರಕ್ಕೆ ಕೈ ಸಿಕ್ಕಿದ ಕೆಲಸಗಾರನಿಗೆ ನಷ್ಟಪರಿಹಾರ ಬೇಕು. ಕಂತಿನ ಅಂಗಡಿಯವನು ಮನೆಯ ಸಾಮಾನನ್ನು ಹೊತ್ತುಕೊಂಡು ಹೋಗುತ್ತಿದ್ದಾನೆ. ಇವುಗಳನ್ನು ಕುರಿತು ದಿನವೂ ಓಡಾಡುತ್ತಿದ್ದಾಗ ಆಡಮ್ಸ್ ಅವರಿಗೆ ಒಂದು ಸಂಗತಿ ಹೊಳೆಯಿತು. ನಗರದಲ್ಲಿ ಆಸ್ಪತ್ರೆಗಳಿವೆ, ಜಿಲ್ಲೆಯ ಪರಿಹಾರಾಧಿಕಾರಿ ಇದ್ದಾನೆ, ಪ್ರಾಂತದ ಆಶ್ರಯಾಲಯಗಳಿವೆ. ಆದರೆ ಯಾರಿಗಾಗಿ ಅವುಗಳನ್ನು ಕಟ್ಟಿದರೋ ಅವರಿಗೆ ಅವು ಕೇವಲ ಕಿವಿಗೆ ಬಿದ್ದ ಸುದ್ದಿಗಳಾಗಿವೆ. ಹೀಗೆ ಹಲ್ ಹೌಸು ಕ್ರಮೇಣ ವಿಷಯವನ್ನು ತಿಳಿಸುವ ಕಚೇರಿಯೂ, ಇತ್ತಂಡಗಳ ಮಾತನ್ನು ಪರಸ್ಪರ ಅರ್ಥಮಾಡಿಸುವ ದುಭಾಷಿಯೂ ಆಯಿತು. ಅದರ ನಿಜವಾದ ಮಹತ್ತ್ವವಿರುವುದು ಇಲ್ಲಿಯೇ.

ಈ ಮಧ್ಯಸ್ಥಿಕೆ ಸುಲಭವಾದುದೇನೂ ಆಗಿರಲಿಲ್ಲ. ೧೮೬೯ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಧರ್ಮಕಾರ್ಯ ಸಂಘಟನಾ ಸಂಘವು ದಾನಕ್ಕೆ ಮೊದಲು ವಿಚಾರಣೆ ನಡೆಯಬೇಕು, ಪಾತ್ರರನ್ನೂ ಅಪಾತ್ರರನ್ನೂ ಬೇರ್ಪಡಿಸಬೇಕು ಎಂಬ ತತ್ತ್ವವನ್ನು ಸಾರಿತ್ತು. ದುಡಿಯಬಲ್ಲವನು ಸಿಕ್ಕಿದ ದುಡಿಮೆಯನ್ನು ನಿರಾಕರಿಸಿದರೆ ಅವನಿಗೆ ನೆರವಿಲ್ಲವೆಂಬುದು ಈ ತತ್ತ್ವದಿಂದ ಹುಟ್ಟಿದ ಸೂತ್ರ. ಅಮೆರಿಕದ ನಗರಗಳೂ ಇದನ್ನು ಅಂಗೀಕರಿಸಿದ್ದುವು. ೧೮೯೩ರಲ್ಲಿ ದೇಶವೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿದಾಗ, ಷಿಕಾಗೋವಿನ ವಿಶ್ವಪ್ರದರ್ಶನ ಮುಗಿದುದರಿಂದ ಕೆಲಸ ಕಳೆದುಕೊಂಡವರೂ ಸೇರಿ, ಆ ಚಳಿಗಾಲ ಭೀಕರವಾಯಿತು. ಆಗ ಸರಕು ರವಾನೆಯ ಗುಮಾಸ್ತನಾಗಿದ್ದ ಒಬ್ಬ ತರುಣನು ಹಲ್ ಹೌಸಿಗೆ ಬಂದು ನೆರವನ್ನು ಕೇಳಿದನು. ನಗರದ ಚರಂಡಿಕಾಲುವೆಯನ್ನು ಅಗೆಯುವ ಕೆಲಸವಿದೆ, ಮೊದಲು ಅಲ್ಲಿಗೆ ಹೋಗಬೇಕೆಂದು ಆಡಮ್ಸ್ ಸೂತ್ರಾನುಸಾರವಾಗಿ ಹೇಳಿದರು. ತಾನು ಯಾವಾಗಲೂ ಒಳಗೆ ಕುಳಿತು ದುಡಿದವನು, ಚಳಿಯಲ್ಲಿ ಬಯಲಿನ ಕೆಲಸವನ್ನು ತಾಳಲಾರೆನೆಂದು ಅವನು ಬೇಡಿಕೊಂಡನು. ಆಕೆ ಪಟ್ಟನ್ನು ಸಡಲಿಸಲಿಲ್ಲ. ಅವನು ಮತ್ತೆ ನೆರವನ್ನು ಕೇಳಲು ಬರಲಿಲ್ಲ. ಎರಡು ದಿನ ಅಗೆದನು. ನ್ಯುಮೋನಿಯ ಹಿಡಿದು ಒಂದು ವಾರದ ಬಳಿಕ ಸತ್ತನು.

ಈ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟವರು ಆಡಮ್ಸ್ ಅವರೇ. ೧೯೧೦ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಅವರು ಇದನ್ನು ಮರೆಮಾಚದೆ ಬರೆದಿದ್ದಾರೆ. ಅವನು ಬಿಟ್ಟುಹೋದ ಇಬ್ಬರು ಮಕ್ಕಳನ್ನು ಅವರು ಮುಂದೆ ಕಣ್ಣಿಟ್ಟು ನೋಡಿಕೊಂಡರು. ಸಂಸ್ಥೆಯ ಸ್ಥಾಪಕರು ಬರೆದ ಗ್ರಂಥವನ್ನು ಇತಿಹಾಸಕಾರನು ಎಚ್ಚರದಿಂದಲೇ ಬಳಸಬೇಕೆಂಬುದು ನಿಜ. ಆದರೆ ಲೇಖಕನು ತನ್ನ ತಪ್ಪನ್ನು ತಾನೇ ದಾಖಲಿಸಿದಾಗ ಆ ಸಾಕ್ಷ್ಯಕ್ಕೆ ವಿಶೇಷ ಬೆಲೆ ಬರುತ್ತದೆ. ಸೂತ್ರದ ದೃಷ್ಟಿಯಿಂದ ಆಡಮ್ಸ್ ಮಾಡಿದುದರಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ಎದುರಿಗಿದ್ದ ಮನುಷ್ಯನನ್ನು ಅರಿಯುವುದರಲ್ಲಿ. ಒಬ್ಬನ ಬಾಳಿನ ರೀತಿಯನ್ನು ತಿಳಿಯದೆ ಅವನ ಕಷ್ಟಕ್ಕೆ ನಿಯಮವನ್ನು ಅನ್ವಯಿಸಿದರೆ ಏನಾಗಬಹುದೆಂಬುದನ್ನು ಹಲ್ ಹೌಸು ಒಂದು ಜೀವದ ಬೆಲೆ ತೆತ್ತು ಕಲಿಯಿತು.

ಅಷ್ಟು ದಾರುಣವಲ್ಲದ ಮತ್ತೊಂದು ಪಾಠವನ್ನೂ ಸ್ಮರಿಸಬಹುದು. ಅಗ್ಗವೂ ಪುಷ್ಟಿಕರವೂ ಆದ ಆಹಾರವನ್ನು ಶಾಸ್ತ್ರೀಯವಾಗಿ ಬೇಯಿಸಿ ಮಾರುವ ಸಾರ್ವಜನಿಕ ಪಾಕಶಾಲೆಯೊಂದನ್ನು ಹಲ್ ಹೌಸು ತೆರೆಯಿತು. ನೆರೆಯವರು ಅತ್ತ ಹೆಚ್ಚಾಗಿ ಸುಳಿಯಲಿಲ್ಲ. ಬಡವನಿಗೂ ತನ್ನ ನಾಲಗೆಯ ರುಚಿಯುಂಟೆಂಬುದನ್ನು ಯೋಜಕರು ಮರೆತಿದ್ದರು. ಇದಕ್ಕೆ ಪ್ರತಿಯಾಗಿ, ಜನರೇ ಕೇಳಿದ ಶಿಶುವಿಹಾರ, ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಮನೆ, ಸ್ನಾನದ ಕೊಠಡಿಗಳು ಸದಾ ತುಂಬಿರುತ್ತಿದ್ದುವು. ಆ ಸ್ನಾನಗೃಹಗಳ ನೂಕುನುಗ್ಗಲನ್ನೇ ಪ್ರಮಾಣವಾಗಿ ತೋರಿಸಿದುದರಿಂದ ೧೮೯೪ರಲ್ಲಿ ನಗರಸಭೆಯು ಸಮೀಪದಲ್ಲಿಯೇ ಸಾರ್ವಜನಿಕ ಸ್ನಾನಗೃಹವನ್ನು ಕಟ್ಟಿಸಿತು.

ಇಲ್ಲಿಂದ ಹಲ್ ಹೌಸಿನ ಕಾರ್ಯದಲ್ಲಿ ಒಂದು ಮಹತ್ತರವಾದ ತಿರುವನ್ನು ಕಾಣುತ್ತೇವೆ. ಇರುವ ನೆರವಿನ ಬಾಗಿಲಿಗೆ ಜನರನ್ನು ಕರೆದೊಯ್ಯುತ್ತಿದ್ದವರು, ಬಾಗಿಲೇ ಇಲ್ಲದ ಕಡೆ ಹೊಸದನ್ನು ತೆರೆಯಿಸಲು ತೊಡಗಿದರು. ಅದಕ್ಕೆ ಬೇಕಾದುದು ಪ್ರಮಾಣ. ೧೮೯೧ರಲ್ಲಿ ಹಲ್ ಹೌಸನ್ನು ಸೇರಿದ ಫ್ಲಾರೆನ್ಸ್ ಕೆಲಿ ೧೮೯೩ರಲ್ಲಿ ಕೇಂದ್ರ ಸರ್ಕಾರದ ಪರವಾಗಿ ಸುತ್ತಲಿನ ಮನೆಗಳ ಸಮೀಕ್ಷೆಯನ್ನು ನಡೆಯಿಸಿದರು. ಅದರ ಫಲವನ್ನೊಳಗೊಂಡ ನಕ್ಷೆಗಳೂ ಪ್ರಬಂಧಗಳೂ ೧೮೯೫ರಲ್ಲಿ ಗ್ರಂಥರೂಪದಲ್ಲಿ ಹೊರಬಂದುವು. ಒಂದು ನಕ್ಷೆಯಲ್ಲಿ ಪ್ರತಿಯೊಂದು ಮನೆಯವರ ಮೂಲದೇಶವನ್ನೂ ಇನ್ನೊಂದರಲ್ಲಿ ವಾರದ ಗಳಿಕೆಯನ್ನೂ ಬಣ್ಣಗಳಿಂದ ಗುರುತಿಸಲಾಗಿತ್ತು. ಚಾರ್ಲ್ಸ್ ಬೂತರ ಲಂಡನ್ ನಕ್ಷೆಗಳು ಇವಕ್ಕೆ ಮಾದರಿ. ಸಾಮಾಜಿಕ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಗ್ರಂಥವು ಇಂದಿಗೂ ಅಮೂಲ್ಯವಾದ ಆಕರ.

ಫಲಗಳು ಒಂದರ ಹಿಂದೊಂದು ಬಂದುವು, ಎಲ್ಲವೂ ಉಳಿಯಲಿಲ್ಲ. ೧೮೯೩ರಲ್ಲಿ ಇಲಿನಾಯ್ ಪ್ರಾಂತವು ಕಾರ್ಖಾನೆ ಶಾಸನವನ್ನು ಮಾಡಿ, ಸ್ತ್ರೀಯರ ದುಡಿಮೆಯನ್ನು ದಿನಕ್ಕೆ ೮ ಗಂಟೆಗೆ ಸೀಮಿತಗೊಳಿಸಿತು. ಕೆಲಿಯವರೇ ಮುಖ್ಯ ಪರಿವೀಕ್ಷಕರಾದರು. ಆದರೆ ೧೮೯೫ರಲ್ಲಿ ಪ್ರಾಂತದ ಶ್ರೇಷ್ಠ ನ್ಯಾಯಾಲಯವು ೮ ಗಂಟೆಯ ವಿಧಿಯನ್ನು ರದ್ದುಪಡಿಸಿತು. ಅದೇ ವರ್ಷ ಬೀದಿಗಳ ಕಸದ ರಾಶಿಯಿಂದ ಬೇಸತ್ತ ಆಡಮ್ಸ್ ಕಸ ಸಾಗಿಸುವ ಗುತ್ತಿಗೆಯನ್ನೇ ಕೋರಿದರು. ಅದು ದೊರೆಯದಿದ್ದರೂ ನಗರಾಧ್ಯಕ್ಷರು ಅವರನ್ನು ವಾರ್ಡಿನ ಕಸದ ಪರಿವೀಕ್ಷಕರನ್ನಾಗಿ ನೇಮಿಸಿದರು. ೧೮೯೯ರಲ್ಲಿ ಅಮೆರಿಕದ ಮೊದಲನೆಯ ಬಾಲಾಪರಾಧಿ ನ್ಯಾಯಾಲಯವು ಷಿಕಾಗೋವಿನಲ್ಲಿ ಆರಂಭವಾದುದರಲ್ಲಿ ಹಲ್ ಹೌಸಿನ ಜೂಲಿಯ ಲೇತ್ರಪ್ ಅವರ ಪಾತ್ರ ಹಿರಿದು. ೧೯೧೨ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಕ್ಕಳ ಇಲಾಖೆಗೆ ಅವರೇ ಮೊದಲ ಮುಖ್ಯಾಧಿಕಾರಿಯಾದರು.

ಇಷ್ಟಾದರೂ ಹಲ್ ಹೌಸಿನ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿತ್ತೆಂದು ಹೇಳುವಂತಿಲ್ಲ. ಅದು ಮುಖ್ಯವಾಗಿ ಯೂರೋಪಿನಿಂದ ಬಂದವರಿಗೆ ಆಸರೆಯಾಯಿತು. ದಕ್ಷಿಣದ ಪ್ರಾಂತಗಳಿಂದ ಷಿಕಾಗೋವಿಗೆ ಬಂದ ಕರಿಯ ಜನರಿಗೆ ಅಮೆರಿಕದ ಇಂಥ ನಿವಾಸಗಳಲ್ಲಿ ಬಹುಮಟ್ಟಿಗೆ ಎಡೆಯಿರಲಿಲ್ಲ. ಅವರಿಗಾಗಿ ಐಡಾ ವೆಲ್ಸ್ ೧೯೧೦ರಲ್ಲಿ ಬೇರೆಯೇ ಸಂಘವೊಂದನ್ನು ಕಟ್ಟಿ, ತಂಗಲು ಕೊಠಡಿಗಳನ್ನೂ ಉದ್ಯೋಗ ಹುಡುಕಿಕೊಡುವ ಕಚೇರಿಯನ್ನೂ ನಡೆಯಿಸಬೇಕಾಯಿತು. ಸೇತುವೆ ಕಟ್ಟುವವರೂ ತಾವು ನಿಂತ ದಡದಿಂದಲೇ ಆರಂಭಿಸುತ್ತಾರೆಂಬುದಕ್ಕೆ ಇದು ನಿದರ್ಶನ.

ಈ ಆಂದೋಲನದ ಒಂದು ಎಳೆ ಭಾರತವನ್ನೂ ಮುಟ್ಟಿದೆ. ಅಮೆರಿಕನ್ ಮರಾಠಿ ಮಿಷನ್ನಿನ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ಮುಂಬಯಿಯ ನಾಗಪಾಡದ ಕೊಳೆಗೇರಿಗಳ ನಡುವೆ ೧೯೨೬ರಲ್ಲಿ ನೆರೆಹೊರೆಯ ಮನೆಯೊಂದನ್ನು ಸ್ಥಾಪಿಸಿದರು. ಅಲ್ಲಿಯ ಅನುಭವದಿಂದ, ಇಂಥ ಕೆಲಸಕ್ಕೆ ಕರುಣೆಯಷ್ಟೇ ಸಾಲದು, ಶಿಕ್ಷಣವೂ ಬೇಕೆಂದು ಅವರು ಮನಗಂಡರು. ಅದರ ಫಲವಾಗಿ ೧೯೩೬ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು. ೧೯೪೪ರಲ್ಲಿ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆ ಎಂಬ ಹೆಸರನ್ನು ತಳೆಯಿತು.

ಆಡಮ್ಸ್ ಅವರಿಗೆ ೧೯೩೧ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಲಭಿಸಿತು. ೧೯೩೫ರಲ್ಲಿ ಅವರು ತೀರಿಕೊಂಡರು. ೧೩ ಕಟ್ಟಡಗಳಾಗಿ ಬೆಳೆದಿದ್ದ ಹಲ್ ಹೌಸಿನ ಬಹುಭಾಗವನ್ನು ೧೯೬೩ರಲ್ಲಿ ವಿಶ್ವವಿದ್ಯಾನಿಲಯವೊಂದರ ನಿವೇಶನಕ್ಕಾಗಿ ಕೆಡವಲಾಯಿತು. ಉಳಿದ ಎರಡರಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಬೇರೆ ಬೇರೆ ಬಡಾವಣೆಗಳಲ್ಲಿ ಸೇವೆಯನ್ನು ಮುಂದುವರಿಸಿದ ಅದರ ಸಂಘವು, ವರಮಾನದ ಬಹುಪಾಲಿಗೆ ಸರ್ಕಾರವನ್ನೇ ನೆಚ್ಚಿಕೊಂಡಿದ್ದು, ೨೦೧೨ರ ಜನವರಿಯಲ್ಲಿ ಹಣವಿಲ್ಲದೆ ಮುಚ್ಚಿಹೋಯಿತು.

ಸಂಸ್ಥೆ ಅಳಿದರೂ ಅದು ಎತ್ತಿದ ಪ್ರಶ್ನೆ ಅಳಿದಿಲ್ಲ. ಇಂದು ನೆರವಿನ ಯೋಜನೆಗಳು ಅಂದಿಗಿಂತ ಹೆಚ್ಚಾಗಿವೆ. ಅರ್ಜಿಯ ನಮೂನೆಗಳೂ ಹೆಚ್ಚಾಗಿವೆ. ಬಡವನಿಗೂ ನೆರವಿಗೂ ನಡುವೆ ಕುಳಿತವನು ಅವನ ಕಾಗದಗಳನ್ನು ಮಾತ್ರ ನೋಡುತ್ತಾನೆಯೋ, ಅವನ ಮಾತನ್ನೂ ಕೇಳುತ್ತಾನೆಯೋ ಎಂಬುದರ ಮೇಲೆ ಯೋಜನೆಯ ಸಾರ್ಥಕ್ಯ ನಿಂತಿದೆ. ತಾಳಲಾರೆನೆಂದು ಆ ಗುಮಾಸ್ತನು ಹೇಳಿದ್ದನು. ಅದನ್ನು ನಂಬುವುದಕ್ಕೆ ಯಾವ ಶಾಸನವೂ ಬೇಕಾಗಿರಲಿಲ್ಲ.