ಕಂತು ಮಗನದು, ಮನೆ ಯಾರದು?

ಫೆಬ್ರವರಿ ಹತ್ತಿರ ಬಂತೆಂದರೆ ಸಂಬಳದಾರರಿಗೆ ಒಂದು ಕೆಲಸ ಅಂಟಿಕೊಳ್ಳುತ್ತದೆ. ಬ್ಯಾಂಕಿನಿಂದ ಗೃಹಸಾಲದ ಬಡ್ಡಿ ಪ್ರಮಾಣಪತ್ರ ತಂದು ಕಚೇರಿಗೆ ಒಪ್ಪಿಸಬೇಕು. ಒಬ್ಬರದೇ ಮನೆ, ಒಬ್ಬರದೇ ಸಾಲವಾದರೆ ತಕರಾರಿಲ್ಲ. ಮನೆಮಂದಿಯೆಲ್ಲ ಸೇರಿ ಕಟ್ಟಿದ ಮನೆಯಾದರೆ ಗುಮಾಸ್ತರ ಮೊದಲ ಪ್ರಶ್ನೆಗೇ ತಡವರಿಸಬೇಕಾಗುತ್ತದೆ: 'ಮನೆ ಯಾರ ಹೆಸರಿನಲ್ಲಿದೆ?'

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರವಿದು. ನಿವೇಶನ, ಮನೆ ಎರಡೂ ಅಪ್ಪನ ಹೆಸರಿನಲ್ಲಿ. ಅಪ್ಪನಿಗೆ ಬರುವುದು ಪಿಂಚಣಿ ಮಾತ್ರ. ಆದ್ದರಿಂದ ಬ್ಯಾಂಕು ದುಡಿಯುವ ಮಗನನ್ನು ಸಹ ಸಾಲಗಾರನಾಗಿ ಸೇರಿಸಿಕೊಳ್ಳುತ್ತದೆ. ತಿಂಗಳು ತಿಂಗಳು ಕಂತು ಹೋಗುವುದು ಮಗನ ಸಂಬಳದಿಂದ. ಕೆಲವು ಮನೆಗಳಲ್ಲಿ ಶಿಕ್ಷಕಿಯಾದ ಸೊಸೆಯ ಸಂಬಳದಿಂದ. ಆದರೆ ಬಡ್ಡಿಯ ವಿನಾಯಿತಿ ಕೇಳಹೊರಟರೆ ಕಟ್ಟಿದವರಿಗೆ ಒಂದು ರೂಪಾಯಿಯೂ ದಕ್ಕುವುದಿಲ್ಲ. ಅವರು ಸಾಲಗಾರರು ನಿಜ, ಮಾಲೀಕರಲ್ಲ. ಮಾಲೀಕನಾದ ಅಪ್ಪನಿಗೆ ತೆರಿಗೆ ಬೀಳುವಷ್ಟು ಆದಾಯವೇ ಇಲ್ಲ.

ಆದಾಯ ತೆರಿಗೆಯ ಲೆಕ್ಕದಲ್ಲಿ ಮಾಲೀಕತ್ವ, ಸಾಲ, ಕಂತಿನ ಪಾವತಿ ಈ ಮೂರೂ ಒಬ್ಬರಲ್ಲೇ ಕೂಡಿರಬೇಕು. ಹೀಗೆ ಕೂಡಿದವರು ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ವಿನಾಯಿತಿ ಉಂಟು. ವಾಸದ ಮನೆಯ ಬಡ್ಡಿಗೆ ಇರುವ ವರ್ಷಕ್ಕೆ 2 ಲಕ್ಷ ರೂಪಾಯಿಯ ಮಿತಿ ಮನೆಗಲ್ಲ, ಪ್ರತಿಯೊಬ್ಬ ಸಹ ಮಾಲೀಕನಿಗೆ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯಿದು.

ಲೆಕ್ಕ ಹಾಕಿಯೇ ನೋಡಬಹುದು. 40 ಲಕ್ಷ ಸಾಲಕ್ಕೆ ಶೇಕಡಾ 9ರಂತೆ ಮೊದಲ ವರ್ಷದ ಬಡ್ಡಿ ಸುಮಾರು 3 ಲಕ್ಷ 60 ಸಾವಿರ. ಮಾಲೀಕ ಅಣ್ಣನೊಬ್ಬನೇ ಆದರೆ 2 ಲಕ್ಷ ಮಾತ್ರ ಕಳೆಯಬಹುದು. ಉಳಿದ 1 ಲಕ್ಷ 60 ಸಾವಿರ ವ್ಯರ್ಥ. ಅಣ್ಣ ತಮ್ಮ ಅರ್ಧರ್ಧ ಹಿಸ್ಸೆದಾರರಾಗಿ, ಇಬ್ಬರೂ ಸಾಲಕ್ಕೆ ಸಹಿ ಹಾಕಿ, ಇಬ್ಬರೂ ಕಂತು ಕಟ್ಟಿದರೆ ತಲಾ 1 ಲಕ್ಷ 80 ಸಾವಿರ ಕಳೆದು ಪೂರ್ತಿ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ತಮ್ಮನ ವರಮಾನ ಶೇಕಡಾ 20ರ ಹಂತದಲ್ಲಿದ್ದರೆ ಅವನೊಬ್ಬನಿಗೇ ಸೆಸ್ ಬಿಟ್ಟು 36 ಸಾವಿರ ಉಳಿತಾಯ. (ಕಳೆಯುವುದು ಆದಾಯದಿಂದ, ತೆರಿಗೆಯಿಂದಲ್ಲ. 2 ಲಕ್ಷ ತೆರಿಗೆಯೇ ಉಳಿಯಿತೆಂದು ಹಿಗ್ಗುವವರಿದ್ದಾರೆ!) ಸಾಲ ತೆಗೆದ ಆರ್ಥಿಕ ವರ್ಷ ಮುಗಿದ 5 ವರ್ಷಗಳೊಳಗೆ ಮನೆ ಪೂರ್ತಿಯಾಗದಿದ್ದರೆ ಮಿತಿ 30 ಸಾವಿರಕ್ಕಿಳಿಯುತ್ತದೆ.

ಇದೆಲ್ಲ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ. 2023-24ನೇ ಆರ್ಥಿಕ ವರ್ಷದಿಂದ ಆಯ್ಕೆ ತಿಳಿಸದವರೆಲ್ಲ ಹೊಸ ಪದ್ಧತಿಗೆ ಸೇರುತ್ತಾರೆ. ಅಲ್ಲಿ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಅಣ್ಣ ಹಳೆಯದು, ತಮ್ಮ ಹೊಸದು ಆರಿಸಿಕೊಳ್ಳಲು ಅಡ್ಡಿಯಿಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಸ್ಥಾನದಲ್ಲಿ 2025ರ ಕಾಯಿದೆ. ಸೆಕ್ಷನ್ನಿನ ಸಂಖ್ಯೆ ಬೇರೆಯಾದರೂ ಈ ತತ್ವ ಅದೇ.

ಬ್ಯಾಂಕಿನ ಬದಲು ಭಾವನಿಂದಲೋ ಮಾವನಿಂದಲೋ ಸಾಲ ಪಡೆದರೂ ಬಡ್ಡಿಯ ವಿನಾಯಿತಿ ಉಂಟು. ಆದರೆ ಬಡ್ಡಿ ಪಡೆದವರು ಪ್ರಮಾಣಪತ್ರ ಕೊಡಬೇಕು, ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಅಸಲಿನ ಮೇಲಿನ ವಿನಾಯಿತಿ ಇಂಥ ಸಾಲಕ್ಕಿಲ್ಲ.

ಇಷ್ಟು ತಿಳಿದ ಮೇಲೂ ಕಷ್ಟ ಉಳಿಯುವುದು ಮನೆಯೊಳಗೆ. ಅಪ್ಪ ಬದುಕಿರುವಾಗ ಹಿಸ್ಸೆಯ ಮಾತೆತ್ತಿದರೆ ಪಾಲು ಕೇಳಿದಂತಾಗುತ್ತದೆಂಬ ಅಳುಕು. ಮಾತೆತ್ತದೆ ಹದಿನೈದು ವರ್ಷ ಕಂತು ಕಟ್ಟಿದ ಮಗ, ಅಪ್ಪ ಉಯಿಲು ಬರೆಯದೆ ತೀರಿಕೊಂಡ ದಿನ, ಒಂದು ಕಂತೂ ಕಟ್ಟದ ಒಡಹುಟ್ಟಿದವರ ಸಾಲಿನಲ್ಲೇ ನಿಲ್ಲುತ್ತಾನೆ. ಹೋದ ವಿನಾಯಿತಿ ಇದರ ಮುಂದೆ ಚಿಕ್ಕದು.

ಮನೆ ಕೊಳ್ಳುವಾಗಲೇ ಕ್ರಯಪತ್ರದಲ್ಲಿ ಎಲ್ಲರ ಹೆಸರು, ಹಿಸ್ಸೆಯ ಪ್ರಮಾಣ ಬರೆಸುವುದು ಸುಲಭ. ಆಮೇಲಾದರೆ ನೋಂದಾಯಿತ ದಾನಪತ್ರ ಆಗಬೇಕು. ಮನೆಪತ್ರ ಬ್ಯಾಂಕಿನಲ್ಲಿ ಅಡವಿರುವುದರಿಂದ ಅದರ ಒಪ್ಪಿಗೆಯೂ ಬೇಕು. ಖಾತೆಗೆ ಹೆಸರು ಸೇರಿಸಿದರೆ ಸಾಕೆಂದು ನಂಬಿದವರೇ ಹೆಚ್ಚು. ಖಾತೆ ಕಂದಾಯ ಕಟ್ಟುವುದಕ್ಕಿರುವ ದಾಖಲೆ. ಅದು ಯಾರನ್ನೂ ಮಾಲೀಕರನ್ನಾಗಿಸುವುದಿಲ್ಲ.