ಮಗ್ಗ ಹೂಡುವ ಮುನ್ನ ಲೆಕ್ಕ

ಓದು ಮುಗಿಸಿದ ಮಗನಿಗೆ ನೌಕರಿ ದೊರೆಯದೆ ಎರಡು ಮೂರು ವರ್ಷಗಳು ಸಂದರೆ ಮನೆಯಲ್ಲಿ ಸ್ವಂತ ಉದ್ಯೋಗದ ಮಾತು ಬರುವುದು ಸಹಜ. ತಾಯಿಯ ಕೊರಳಿನ ಚಿನ್ನ, ತಂದೆಯ ನಿವೃತ್ತಿಯ ಹಣ, ಮೇಲೊಂದಿಷ್ಟು ಬ್ಯಾಂಕಿನ ಸಾಲ; ಇಷ್ಟಿದ್ದರೆ ಉದ್ಯಮ ಆರಂಭವಾದಂತೆಯೇ ಎಂಬುದು ನಮ್ಮ ಕುಟುಂಬಗಳಲ್ಲಿ ಅನೇಕರ ಭಾವನೆ. ಬ್ಯಾಂಕು ಕೇಳುವ ಯೋಜನಾ ವರದಿಯನ್ನು ಪಟ್ಟಣದಲ್ಲಿ ಯಾರೋ ಬರೆದುಕೊಡುತ್ತಾರೆ. ಅದರ ಕೊನೆಯ ಪುಟದಲ್ಲಿ ಲಾಭ ಇದ್ದೇ ಇರುತ್ತದೆ. ನಷ್ಟ ತೋರಿಸುವ ವರದಿಯನ್ನು ಹಣ ಕೊಟ್ಟು ಬರೆಯಿಸಿಕೊಂಡವರುಂಟೆ? ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಪ್ರಸಂಗ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ದೇವಾಲಯದಲ್ಲಿ ಅದನ್ನು ಕೇಳದವರಿಲ್ಲ. ಸಾಲದ ಪತ್ರಕ್ಕೆ ಸಹಿ ಹಾಕುವಾಗ ನೆನೆದವರು ವಿರಳ.

ಬಾಗಲಕೋಟೆ ಜಿಲ್ಲೆಯ ಶಿರೂರಿನ ಆಸುಪಾಸನ್ನೇ ತೆಗೆದುಕೊಳ್ಳೋಣ. ಖಣಕ್ಕೆ ಹೆಸರಾದ ಗುಳೇದಗುಡ್ಡ, ನೇಕಾರರ ಕಮತಗಿ, ಸೀರೆಗೆ ತನ್ನ ಹೆಸರನ್ನೇ ಕೊಟ್ಟ ಇಳಕಲ್, ಇವೆಲ್ಲ ಈ ಭಾಗದ ಊರುಗಳು. ಇಲ್ಲಿ ಒಂದು ಕುಟುಂಬ ನಾಲ್ಕು ಕೈಮಗ್ಗಗಳನ್ನು ಹಾಕಿ ಇಳಕಲ್ ಸೀರೆ ನೇಯಿಸಲು ಯೋಚಿಸಿದೆ ಎಂದು ಭಾವಿಸೋಣ. ಮಗ್ಗದ ಬೆಲೆ ಎಷ್ಟು, ಕೊಠಡಿಯ ಬಾಡಿಗೆ ಎಷ್ಟು ಎಂಬಲ್ಲಿಂದ ಎಲ್ಲರೂ ಲೆಕ್ಕ ಆರಂಭಿಸುತ್ತಾರೆ. ಆದರೆ ಈ ಸೀರೆಯ ಸ್ವಭಾವವೇ ಬೇರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯ ಹಾಸು ಬೇರೆ. ಒಡಲಿನ ಎಳೆಗಳನ್ನು ಸೆರಗಿನ ಎಳೆಗಳೊಡನೆ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ಯ ಕೆಲಸ ಪ್ರತಿ ಸೀರೆಗೂ ಹೊಸದಾಗಿಯೇ ಆಗಬೇಕು. ಉದ್ದನೆಯ ಹಾಸು ಹೂಡಿ ಒಂದೇ ಸಮನೆ ಹತ್ತು ಹನ್ನೆರಡು ಸೀರೆ ನೇಯ್ದು ಕತ್ತರಿಸುವ ಅನುಕೂಲ ಇದಕ್ಕಿಲ್ಲ. ನೇಕಾರರ ಮನೆಗಳಲ್ಲಿ ಈ ಪೂರ್ವಸಿದ್ಧತೆಯ ಬಹುಭಾಗವನ್ನು ಹೆಂಗಸರು ಮತ್ತು ಹಿರಿಯರು ಮಾಡುತ್ತಾರೆ. ಆ ಕೈಗಳು ಮನೆಯಲ್ಲಿಲ್ಲದವರು ಅದಕ್ಕೂ ಕೂಲಿ ತೆರಬೇಕು. ವರದಿ ಬರೆಯುವವರು ಮಗ್ಗಗಳನ್ನು ಎಣಿಸುತ್ತಾರೆಯೇ ಹೊರತು ಈ ಕೈಗಳನ್ನಲ್ಲ.

ಇನ್ನು ಅಂಕಿಗಳಿಗೆ ಬರೋಣ. ಇವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಪೇಟೆಯ ದರಗಳಲ್ಲ. ಒಂದು ಮಗ್ಗದಲ್ಲಿ ವಾರಕ್ಕೊಂದು ಸೀರೆಯಂತೆ ನಾಲ್ಕು ಮಗ್ಗಗಳಿಗೆ ತಿಂಗಳಿಗೆ 16 ಸೀರೆ. ನೂಲು, ಬಣ್ಣ, ಕೂಲಿ ಸೇರಿ ಸೀರೆಗೆ 2,000 ರೂಪಾಯಿ ಖರ್ಚು, ವ್ಯಾಪಾರಿ ಕೊಡುವುದು 2,300 ರೂಪಾಯಿ. ಅಂದರೆ ತಿಂಗಳಿಗೆ 32,000 ರೂಪಾಯಿ ಖರ್ಚು, 4,800 ರೂಪಾಯಿ ಉಳಿತಾಯ. ಕಾಗದದ ಮೇಲೆ ಇದು ಅಂದವಾಗಿಯೇ ಇದೆ. ಆದರೆ ವ್ಯಾಪಾರಿ ಮೂರು ತಿಂಗಳ ಉದ್ದರಿಯ ಮೇಲೆ ಸರಕು ಒಯ್ದರೆ? ಮೊದಲ ತಿಂಗಳ ಸೀರೆಗಳ ಹಣ ಕೈಸೇರುವುದು ನಾಲ್ಕನೆಯ ತಿಂಗಳ ಕೊನೆಗೆ. ಅಷ್ಟರಲ್ಲಿ 1,28,000 ರೂಪಾಯಿ ಮನೆಯಿಂದ ಹೊರಟಿರುತ್ತದೆ. ಇದನ್ನೇ ದುಡಿಯುವ ಬಂಡವಾಳ ಎನ್ನುವುದು. ಉದ್ದರಿಯ ಪದ್ಧತಿ ಬದಲಾಗದವರೆಗೆ ಈ ಹಣ ಕೈಗೆ ಬಂದಂತೆ ಕಂಡು ಮತ್ತೆ ನೂಲಿಗೆ ಹೋಗುತ್ತಿರುತ್ತದೆ. ಮದುವೆಗೋ ಆಸ್ಪತ್ರೆಗೋ ತೆಗೆದರೆ ಮಗ್ಗ ನಿಲ್ಲುತ್ತದೆ.

ಮಗ್ಗ ಮತ್ತು ಸಲಕರಣೆಗಳಿಗಾಗಿ ಒಂದೂವರೆ ಲಕ್ಷ ರೂಪಾಯಿಯನ್ನು ಶೇಕಡಾ 12ರ ಬಡ್ಡಿಯಲ್ಲಿ 36 ತಿಂಗಳಿಗೆ ಸಾಲ ಪಡೆದರೆ ಕಂತು ಸುಮಾರು 4,980 ರೂಪಾಯಿ. ನಾಲ್ಕೂ ಮಗ್ಗಗಳು ಒಂದು ದಿನವೂ ನಿಲ್ಲದೆ ನಡೆದು, ಸೀರೆಗಳೆಲ್ಲ ಮಾರಾಟವಾದರೂ ಉಳಿತಾಯ ಕಂತಿಗೆ ಸಾಲದು. ಅದೇ ಸಾಲವನ್ನು 60 ತಿಂಗಳಿಗೆ ಹಂಚಿದರೆ ಕಂತು ಸುಮಾರು 3,340 ರೂಪಾಯಿ. ಆಗ ಒಂದು ಮಗ್ಗ ಖಾಲಿ ಕುಳಿತರೂ ಉಳಿಯುವ 3,600 ರೂಪಾಯಿಯಲ್ಲಿ ಹೇಗೋ ಸಂದೀತು. ಇನ್ನೊಂದು ದಾರಿಯೂ ಇದೆ. 16ರಲ್ಲಿ ಎಂಟು ಸೀರೆಗಳನ್ನು ಗ್ರಾಹಕರಿಗೇ ನಗದಿಗೆ 2,600 ರೂಪಾಯಿಯಂತೆ ಮಾರಿದರೆ ಉಳಿತಾಯ 7,200 ರೂಪಾಯಿಗೆ ಏರುತ್ತದೆ. ಬಡ್ಡಿ ಅರ್ಧ ಶೇಕಡಾ ಇಳಿಯಲೆಂದು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವವರು ಆ ಎಂಟು ಗ್ರಾಹಕರನ್ನು ಮೊದಲು ಹುಡುಕುವುದು ಲೇಸು.

ಮನೆಮಂದಿಯೇ ನೇಯುವಲ್ಲಿ ಇನ್ನೊಂದು ಭ್ರಮೆ ಹುಟ್ಟುತ್ತದೆ. ತಮ್ಮ ಕೂಲಿಯನ್ನು ಖರ್ಚಿನಲ್ಲಿ ಬರೆಯದೆ ಅದನ್ನೇ ಲಾಭವೆಂದು ಎಣಿಸುತ್ತಾರೆ. ಅದು ಲಾಭವಲ್ಲ, ಮನೆಯ ರೊಟ್ಟಿ. ಸೊಸೆ ಹೆರಿಗೆಗೆ ತವರಿಗೆ ಹೋದ ತಿಂಗಳು ಸತ್ಯ ತಿಳಿಯುತ್ತದೆ.

ಮಾರುಕಟ್ಟೆಯ ವಿಷಯದಲ್ಲಿ ಸೀರೆಯ ಕೀರ್ತಿಯನ್ನು ನಂಬಿ ಕೂರುವಂತಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆಯಾದರೂ ಅದರ ಅಧಿಕೃತ ಬಳಕೆದಾರರಾಗಲು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ವಿದ್ಯುತ್ ಮಗ್ಗದ ಅಗ್ಗದ ಸೀರೆ ಪಕ್ಕದ ಅಂಗಡಿಯಲ್ಲೇ ತೂಗಾಡುತ್ತಿರುತ್ತದೆ. ವಿದ್ಯುತ್ ಮಗ್ಗವನ್ನೇ ಹಾಕುತ್ತೇವೆನ್ನುವವರು, ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯಿದೆಯನ್ನು ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ ಈ ಸೀರೆಯನ್ನು ಉಡುವವರು ಬಹಳ. ಅಲ್ಲಿನ ಅಂಗಡಿಕಾರರು ಯಾವ ಅಳತೆ, ಯಾವ ದಡಿ ಕೇಳುತ್ತಾರೆ ಎಂದು ನಾಲ್ಕು ದಿನ ತಿರುಗಿ ತಿಳಿದುಬರುವ ಬಸ್ಸಿನ ಖರ್ಚು ವ್ಯರ್ಥವಲ್ಲ.

ಸಹಾಯಧನದ ಆಸೆ ಅನೇಕರನ್ನು ಅವಸರಪಡಿಸುತ್ತದೆ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ನಿಯಮಗಳಂತೆ ಅಲ್ಪಸಂಖ್ಯಾತರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಸ್ವಂತ ಪಾಲು ಶೇಕಡಾ 5. ಸಹಾಯಧನ ಗ್ರಾಮೀಣ ಪ್ರದೇಶದಲ್ಲಿ ಶೇಕಡಾ 35, ನಗರದಲ್ಲಿ 25. ಈ ಹಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಘಟಕ ನಡೆಯುತ್ತಿದೆಯೇ ಎಂದು ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನೂಲಿನ ಹಣವೆಂದು ಎಣಿಸಿಕೊಂಡವರಿಗೆ ಮೊದಲ ತಿಂಗಳಲ್ಲೇ ಕೊರತೆ ಕಾಡುತ್ತದೆ. ಅರ್ಜಿ ಹಾಕುವ ಮುನ್ನ ಈಗಿನ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.

ನಮ್ಮ ಅಭಿಪ್ರಾಯದಲ್ಲಿ ಮೊದಲ ವರ್ಷ ಎರಡೇ ಮಗ್ಗ ಸಾಕು, ಅದೂ ಕೂಲಿ ನೇಯ್ಗೆಯಲ್ಲಿ. ಸಾಹುಕಾರ ನೂಲು ಕೊಡುತ್ತಾನೆ, ಸೀರೆ ಒಯ್ದು ಕೂಲಿ ಕೊಡುತ್ತಾನೆ. ಉದ್ದರಿಯಲ್ಲಿ ಸಿಲುಕುವ ಹಣ ಅವನದು. ಗಳಿಕೆ ಕಡಿಮೆ, ಹೆಸರೂ ನಮ್ಮದಲ್ಲ, ನಿಜ. ಆದರೆ ಎಷ್ಟು ದಿನಕ್ಕೆ ಸೀರೆ ಇಳಿಯಿತು, ಎಷ್ಟು ದಿನ ಮಗ್ಗ ನಿಂತಿತು, ಏಕೆ ನಿಂತಿತು ಎಂದು ಮಗ ದಿನವೂ ಪುಸ್ತಕದಲ್ಲಿ ಬರೆದಿಟ್ಟರೆ, ವರ್ಷದ ಕೊನೆಗೆ ಬ್ಯಾಂಕಿನ ವ್ಯವಸ್ಥಾಪಕರ ಮುಂದಿಡಲು ಪಟ್ಟಣದಲ್ಲಿ ವರದಿ ಬರೆಯಿಸುವ ಅಗತ್ಯ ಬೀಳದು.